ರೂಟರ್ ಕೂರಿಸಲು ಬಂದವರು ಮೊದಲು ಅರ್ಥಿಂಗ್ ನೋಡಿದರು

ಮಲೆನಾಡಿನ ನಮ್ಮ ಸಹಕಾರ ಸಂಘದ ಕಚೇರಿಗೆ ಹೊಸ ರೂಟರ್ ಅಳವಡಿಸಲು ಬಂದ ತಂತ್ರಜ್ಞರು ಪೆಟ್ಟಿಗೆ ಬಿಚ್ಚುವ ಮೊದಲೇ ಗೋಡೆಯ ಸಾಕೆಟ್ಟಿಗೆ ಮಲ್ಟಿಮೀಟರ್ ಹಿಡಿದರು. ವಿದ್ಯುತ್ ತರುವ ಫೇಸ್ ಮತ್ತು ಅದು ಮರಳುವ ನ್ಯೂಟ್ರಲ್ ನಡುವೆ 226 ವೋಲ್ಟ್ ಇತ್ತು. ಆದರೆ ನ್ಯೂಟ್ರಲ್ ಮತ್ತು ನೆಲಕ್ಕೆ ಜೋಡಿಸಿದ ಅರ್ಥ್ ತಂತಿಯ ನಡುವೆ ಒಂದೆರಡು ವೋಲ್ಟ್ ಇರಬೇಕಾದಲ್ಲಿ 19 ತೋರಿಸಿತು. ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಸರಿಯಿದೆಯೆಂದು ನಾವು ಇಷ್ಟು ವರ್ಷ ನಂಬಿದ್ದೆವು.

ಅವರು ಹಿತ್ತಲಿನಲ್ಲಿ ಗುಂಡಿ ತೋಡಿಸಿ, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇಳಿಸಿ, ಸುತ್ತಲೂ ಇದ್ದಿಲು ಮತ್ತು ಉಪ್ಪು ತುಂಬಿ, ಅಲ್ಲಿಂದ ತಂದ ತಂತಿಯನ್ನು ಕಟ್ಟಡದ ಮುಖ್ಯ ಅರ್ಥ್ ಪಟ್ಟಿಗೆ ಸೇರಿಸಿ, ಆ ಪಟ್ಟಿಯಿಂದ ಹಸಿರು ಹೊದಿಕೆಯ ತಾಮ್ರದ ತಂತಿಯನ್ನು ಉಪಕರಣ ಕೂರಿಸುವ ಲೋಹದ ರ‍್ಯಾಕಿಗೂ ರೂಟರಿನ ಹಿಂಬದಿಯ ಅರ್ಥ್ ತಿರುಪಿಗೂ ಜೋಡಿಸಿದರು. ರ‍್ಯಾಕಿನ ಬಣ್ಣದ ಮೇಲೆ ಲಗ್ (ತಂತಿಯ ತುದಿಯ ಲೋಹದ ಕೊಂಡಿ) ಕೂರಿಸಿದರೆ ಸಂಪರ್ಕ ಸಿಗದೆಂದು ಬಣ್ಣವನ್ನು ಕೆರೆದು ಬಿಗಿದದ್ದು ನನಗೆ ಬಹಳ ಹಿಡಿಸಿತು. ರೂಟರಿಗೆ ಪ್ರತ್ಯೇಕ ಅರ್ಥ್ ಇರಲಿ ಎಂಬ ನಮ್ಮ ಬೇಡಿಕೆಯನ್ನು ಮಾತ್ರ, ಸಿಡಿಲು ಬಡಿದಾಗ ಎರಡು ಅರ್ಥ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸವೇ ಉಪಕರಣವನ್ನು ಸುಡಬಲ್ಲದೆಂದು ವಿವರಿಸಿ ನಿರಾಕರಿಸಿದರು. ಏಪ್ರಿಲ್ ಗುಡುಗಿನಲ್ಲಿ ಹಿಂದಿನ ರೂಟರನ್ನು ಕಳೆದುಕೊಂಡಿದ್ದ ನಮಗೆ ವಾದಿಸುವ ಧೈರ್ಯವಿರಲಿಲ್ಲ.

ಅವರ ಕೆಲಸದಲ್ಲಿ ಲೋಪವಿದ್ದದ್ದು ರೂಟರಿಗೆ ವಿದ್ಯುತ್ ಕೊಟ್ಟ ರೀತಿಯಲ್ಲಿ. ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸಲೆಂದು ರೂಟರಿಗೆ ಕೊಂಡ 600 ವಿಎ ಸಾಮರ್ಥ್ಯದ ಯುಪಿಎಸ್‌ಗೇ ಲೇಸರ್ ಪ್ರಿಂಟರನ್ನೂ ಸಿಕ್ಕಿಸಿ ಹೋಗಿದ್ದರು. ಪ್ರಿಂಟರಿನ ಹೀಟರ್ ಒಮ್ಮೆಲೇ ನೂರಾರು ವ್ಯಾಟ್ ಎಳೆಯುವುದರಿಂದ, ಕರೆಂಟ್ ಹೋದಾಗ ಮುದ್ರಣಕ್ಕೆ ಕೊಟ್ಟ ಕೂಡಲೇ ಯುಪಿಎಸ್ ಓವರ್‌ಲೋಡ್ ಆಗಿ ರೂಟರ್ ಕೂಡ ಆರಿತು. ದೂರಿದ ಮರುದಿನವೇ ಬಂದು ಪ್ರಿಂಟರನ್ನು ಬೇರೆ ಸಾಕೆಟ್ಟಿಗೆ ಬದಲಿಸಿದರು. ಆದರೆ ಹೊಸ ಅರ್ಥಿಂಗ್ ಎಷ್ಟು ಚೆನ್ನಾಗಿದೆಯೆಂದು ತೋರಿಸುವ ಅರ್ಥ್ ರೋಧದ ಅಳತೆಯನ್ನು ಬರೆದು ಕೊಡಿರೆಂದು ಎರಡು ಬಾರಿ ಕೇಳಿದರೂ ಇನ್ನೂ ಕೊಟ್ಟಿಲ್ಲ.