ಟೂ ಇನ್ ಒನ್ ಸ್ಪ್ರೇ ಪಂಪ್: ಬ್ಯಾಟರಿಯೂ ಇದೆ, ಹಿಡಿಯೂ ಇದೆ, ಕೆಲಸಕ್ಕೆ ಬರುವುದು ಯಾವುದು?

ಚಳಿ ಹಿಂದೆ ಸರಿದು ಗಿಡ ಚಿಗುರುವ ಹೊತ್ತಿಗೆ ಎಳೆ ಎಲೆಯ ಅಡಿಯಲ್ಲಿ ಹೇನು ಬಂದು ಕೂರುತ್ತದೆ. ಅದರ ಬೆನ್ನಿಗೇ ಬೂದಿರೋಗ. ಮೂಲೆಯಲ್ಲಿಟ್ಟ ಸ್ಪ್ರೇ ಪಂಪ್ ಆಗ ಹೊರಗೆ ಬರುತ್ತದೆ. ಸ್ವಿಚ್ ಹಾಕಿದರೆ ಸದ್ದೇ ಇಲ್ಲ, ಇಲ್ಲವೇ ಸದ್ದಿದ್ದರೂ ನೀರಿಲ್ಲ. ಹಿಡಿ ಆಡಿಸಿದರೆ ತುದಿಯ ನಾಜಲ್‌ನಲ್ಲಿ ಬರಬೇಕಾದ ನೀರು ಬೆನ್ನ ಮೇಲೆ ಇಳಿಯುತ್ತದೆ. 16 ಲೀಟರಿನ ಟೂ ಇನ್ ಒನ್ ಪಂಪ್ ಕೊಳ್ಳುವವರು ಇದನ್ನೆಲ್ಲ ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಹೊರಗಿನ ಬಣ್ಣ, ಸ್ಟಿಕ್ಕರ್ ಬೇರೆ ಬೇರೆ ಇದ್ದರೂ ಈ ಜಾತಿಯ ಪಂಪ್‌ಗಳ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ.

ಅಭಿಪ್ರಾಯ ಮೊದಲೇ ಹೇಳಿಬಿಡುವುದು ಸರಿ. ಈ ಪಂಪನ್ನು ಬ್ಯಾಟರಿಗಾಗಿ ಕೊಳ್ಳಿ. ಹಿಡಿ ಇರುವುದು ಅರ್ಧ ಟ್ಯಾಂಕ್ ಬಾಕಿ ಇರುವಾಗ ಬ್ಯಾಟರಿ ಕೈಕೊಟ್ಟರೆ ಕೆಲಸ ಮುಗಿಸಿಕೊಳ್ಳಲಿಕ್ಕೆ, ದಿನವಿಡೀ ಅದರಿಂದಲೇ ಹೊಡೆಯಲಿಕ್ಕಲ್ಲ. ಕರೆಂಟಿಲ್ಲದ ಕಡೆ ದಿನವೂ ಕೈಯಲ್ಲೇ ಹೊಡೆಯುವವರಿಗೆ ದೊಡ್ಡ ಸಿಲಿಂಡರಿನ ಬರೀ ಕೈಪಂಪೇ ಮೇಲು. ಅದು ಹಗುರ, ಬಿಚ್ಚಿ ಜೋಡಿಸುವುದೂ ಸುಲಭ.

ಭಾರದ ಲೆಕ್ಕ ಅಂಗಡಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ. 16 ಲೀಟರ್ ನೀರು ಎಂದರೆ 16 ಕಿಲೋ. ಸೀಸದ ಬ್ಯಾಟರಿಯೊಂದೇ ಎರಡೂವರೆ ಕಿಲೋ ಹತ್ತಿರ ಬರುತ್ತದೆ. ಟ್ಯಾಂಕ್, ಮೋಟರ್, ಹಿಡಿಯ ಕಬ್ಬಿಣ ಎಲ್ಲ ಕೂಡಿದರೆ ಬೆನ್ನಿಗೇರುವುದು 22 ಕಿಲೋ ಆಸುಪಾಸು. ಬೆನ್ನಿಗೆ ಹೊರುವ ಪಂಪ್ ತುಂಬಿದಾಗ 25 ಕಿಲೋ ಮೀರಬಾರದು ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಮಾನದಂಡ. ಆದ್ದರಿಂದ 20 ಲೀಟರಿನ ಮಾದರಿಗೆ ಆಸೆಪಡಬೇಡಿ. ಸಣ್ಣ ಮೈಯವರು 16ರಲ್ಲೂ 12ರ ಗೆರೆವರೆಗೆ ಮಾತ್ರ ತುಂಬಿಸುವುದು ಜಾಣತನ. ಬೆಲ್ಟ್ ಅಗಲವಾಗಿರಲಿ, ಒಳಗೆ ಮೆತ್ತೆ ಇರಲಿ, ಕೊಂಡಿ ದಪ್ಪ ತಂತಿಯದಾಗಿರಲಿ. ಮೊದಲು ಮುರಿಯುವುದು ಕೆಳಗಿನ ಪ್ಲಾಸ್ಟಿಕ್ ಕೊಂಡಿ, ಅದೂ ಟ್ಯಾಂಕ್ ತುಂಬಿದ್ದಾಗ.

ಈಗ ಬ್ಯಾಟರಿ. ಸಾಮಾನ್ಯವಾಗಿ 12 ವೋಲ್ಟ್, 8 ಆಂಪಿಯರ್ ಅವರ್‌ನ ಸೀಸದ ಬ್ಯಾಟರಿ ಇರುತ್ತದೆ. ಮೋಟರ್ 2 ಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ ಕಾಗದದ ಮೇಲೆ 4 ಗಂಟೆ ಓಡಬೇಕು. ನಿಮಿಷಕ್ಕೆ 0.8 ಲೀಟರ್ ಬಿಡುವ ನಾಜಲ್‌ಗೆ ಒಂದು ಟ್ಯಾಂಕ್ 20 ನಿಮಿಷ, ಅಂದರೆ 12 ಟ್ಯಾಂಕ್. ಬ್ಯಾಟರಿಯನ್ನು ತಳ ಕಾಣುವಷ್ಟು ಬಸಿದರೆ ಅದರ ಆಯುಸ್ಸು ಕುಗ್ಗುತ್ತದೆ, ಹಾಗಾಗಿ ಎಂಟೊಂಬತ್ತು ಟ್ಯಾಂಕ್ ಆದಮೇಲೆ ಚಾರ್ಜಿಗೆ ಹಾಕಿ. ಇದಕ್ಕಿಂತ ಎಷ್ಟೋ ಹೆಚ್ಚು ಟ್ಯಾಂಕ್ ಬರುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದರೆ, ಅದು ಯಾವ ನಾಜಲ್‌ಗೆ ಕಟ್ಟಿದ ಲೆಕ್ಕ ಎಂದು ಕೇಳಿ.

ಸೀಸದ ಬ್ಯಾಟರಿ ಕೆಲಸ ಮಾಡಿ ಸಾಯುವುದಕ್ಕಿಂತ ಕೂತು ಸಾಯುವುದೇ ಹೆಚ್ಚು. ಖಾಲಿಯಾದದ್ದನ್ನು ಹಾಗೇ ಇಟ್ಟರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ. ಮತ್ತೆ ಚಾರ್ಜಿಗೆ ಹಾಕಿದರೆ ಹಸಿರು ದೀಪ ಬೇಗನೇ ಹತ್ತುತ್ತದೆ, ಆದರೆ ಎರಡು ಟ್ಯಾಂಕಿಗೇ ಉಸಿರು ನಿಲ್ಲುತ್ತದೆ. ಮಲ್ಟಿಮೀಟರ್ ಇದ್ದರೆ ಹೀಗೆ ನೋಡಿ: ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು, ಕೆಲವು ಗಂಟೆ ಬಿಟ್ಟು ಅಳೆದರೆ 12.7 ವೋಲ್ಟ್ ಆಸುಪಾಸು ಇರಬೇಕು. 12ಕ್ಕಿಂತ ಕೆಳಗಿದ್ದರೆ ಅದು ಖಾಲಿ ಬ್ಯಾಟರಿ. ಮೋಟರ್ ಓಡುತ್ತಿರುವಾಗ 10.5ಕ್ಕೆ ಕುಸಿದರೆ ಆ ಹೊತ್ತಿಗೆ ಕೆಲಸ ನಿಲ್ಲಿಸಿ, ಪೂರ್ತಿ ಚಾರ್ಜ್ ಮಾಡಿದ ಮೇಲೂ ಬೇಗನೇ ಹಾಗಾದರೆ ಬೇರೆ ಬ್ಯಾಟರಿ ಹುಡುಕಿ. ಕೆಲಸವಿಲ್ಲದ ತಿಂಗಳುಗಳಲ್ಲೂ ಎರಡು ತಿಂಗಳಿಗೊಮ್ಮೆ ಚಾರ್ಜ್ ಮಾಡಲೇಬೇಕು. ಲಿಥಿಯಂ ಬ್ಯಾಟರಿಯ ಪಂಪ್ ಹಗುರ, ಆದರೆ ಬಳಸದೆ ಇಡುವಾಗ ಅದನ್ನು ಸುಮಾರು ಅರ್ಧ ಚಾರ್ಜಿನಲ್ಲಿಡಬೇಕು. ಸೀಸದ ಬ್ಯಾಟರಿಯ ಚಾರ್ಜರನ್ನು ಅದಕ್ಕೆ ತಗುಲಿಸಲೇಬಾರದು.

ಬ್ಯಾಟರಿ ಪಂಪಿನ ದೊಡ್ಡ ದೋಷ ಕಣ್ಣಿಗೆ ಬೀಳುವಂಥದ್ದಲ್ಲ. ಬದಿಯಲ್ಲಿರುವ ಗುಂಡಿ ತಿರುಗಿಸಿದರೆ ಬದಲಾಗುವುದು ಹೆಚ್ಚಿನ ಮಾದರಿಗಳಲ್ಲಿ ಮೋಟರಿನ ವೇಗ ಮಾತ್ರ. ಬೆಳಿಗ್ಗೆ ತುಂಬು ಚಾರ್ಜಿನಲ್ಲಿ ಇಟ್ಟ ಗುಂಡಿಯನ್ನು ಮಧ್ಯಾಹ್ನ ಮುಟ್ಟದಿದ್ದರೂ ಒತ್ತಡ ಇಳಿದಿರುತ್ತದೆ. ಒತ್ತಡ ಅರ್ಧವಾದರೆ ನಾಜಲ್ ಬಿಡುವ ನೀರು ಶೇಕಡ 70ರಷ್ಟಕ್ಕೆ ಇಳಿಯುತ್ತದೆ, ಹನಿಯೂ ದಪ್ಪವಾಗುತ್ತದೆ. ಅದೇ ನಡಿಗೆ, ಅದೇ ದ್ರಾವಣ ಇದ್ದರೂ ಕೊನೆಯ ಸಾಲುಗಳಿಗೆ ಬಿದ್ದ ಔಷಧಿ ಕಡಿಮೆ. ಇದಕ್ಕೆ ಮದ್ದು ಕೈಯಲ್ಲಿ ಹಿಡಿದು ಒತ್ತುವ ಗನ್ ಮತ್ತು ನಾಜಲ್ ನಡುವೆ ಕೂರುವ ಸಣ್ಣ ಒತ್ತಡ ನಿಯಂತ್ರಕ ವಾಲ್ವ್. ನಿಗದಿತ ಒತ್ತಡ ಬರುವವರೆಗೆ ಅದು ತೆರೆಯುವುದಿಲ್ಲ, ಹೆಚ್ಚಿನದನ್ನು ಮುಂದಕ್ಕೆ ಬಿಡುವುದಿಲ್ಲ. ಗನ್ ಬಿಟ್ಟೊಡನೆ ತೊಟ್ಟಿಕ್ಕುವುದೂ ನಿಲ್ಲುತ್ತದೆ. ಪಂಪಿನ ಜೊತೆ ಇದು ಬರುವುದು ಅಪರೂಪ, ಬೇರೆಯಾಗಿ ಕೊಂಡರೂ ನಷ್ಟವಿಲ್ಲ.

ಹಿಡಿಯ ಕಡೆ ಬಂದರೆ, ಅದರ ಜೀವ ಇರುವುದು ಬಟ್ಟಲಿನ ಆಕಾರದ ಒಂದು ವಾಷರ್‌ನಲ್ಲಿ. ಪಿಸ್ಟನ್ ಹೊರಗೆಳೆದು ಆ ವಾಷರನ್ನು ಎರಡು ಬೆರಳ ನಡುವೆ ಒತ್ತಿ ನೋಡಿ. ಅಂಚು ಮೆತ್ತಗೆ ಬಾಗಿ, ಬಿಟ್ಟೊಡನೆ ಅಗಲವಾಗಿ ಬಿಚ್ಚಿಕೊಳ್ಳಬೇಕು. ತಿಂಗಳುಗಟ್ಟಲೆ ಒಣಗಿ ಕೂತದ್ದಾದರೆ ಅಂಚು ಗಟ್ಟಿಯಾಗಿ ಒಳಮುಖ ಸುರುಟಿರುತ್ತದೆ, ಬಗ್ಗಿಸಿದರೆ ಕೂದಲೆಳೆಯಂಥ ಬಿರುಕುಗಳು ಕಾಣುತ್ತವೆ. ಬಿರುಕಿದ್ದರೆ ಬದಲಿಸಿ, ಬರೀ ಒಣಗಿದ್ದರೆ ಬೆಚ್ಚಗಿನ ನೀರಿನಲ್ಲಿ ನೆನೆಸಿಟ್ಟು ಸಿಲಿಕೋನ್ ಗ್ರೀಸ್ ಹಚ್ಚಿ. ಕೈಗೆ ಸಿಕ್ಕಿತೆಂದು ಎಂಜಿನ್ ಆಯಿಲ್ ಸುರಿಯಬೇಡಿ, ಕೆಲವು ಜಾತಿಯ ರಬ್ಬರ್ ಎಣ್ಣೆಗೆ ಉಬ್ಬಿ ಸಿಲಿಂಡರಿನಲ್ಲೇ ಕಚ್ಚಿಕೊಳ್ಳುತ್ತದೆ. ಟೂ ಇನ್ ಒನ್ ಪಂಪಿನಲ್ಲಿ ಬ್ಯಾಟರಿ ಮತ್ತು ಮೋಟರಿಗೆ ಜಾಗ ಬಿಡಬೇಕಾದ್ದರಿಂದ ಸಿಲಿಂಡರ್, ಒತ್ತಡದ ಕೋಣೆ ಎರಡೂ ಚಿಕ್ಕವಾಗುತ್ತವೆ. ಅದಕ್ಕೇ ಬರೀ ಕೈಪಂಪಿಗಿಂತ ಇದರ ಹಿಡಿಯನ್ನು ಹೆಚ್ಚು ಸಲ ಆಡಿಸಬೇಕಾಗುತ್ತದೆ, ನೀರೂ ಎಳೆದೆಳೆದು ಬರುತ್ತದೆ.

ಹಿಡಿಗೆ ಇನ್ನೊಂದು ಉಪಯೋಗವಿದೆ, ಅದನ್ನು ಯಾರೂ ಹೇಳುವುದಿಲ್ಲ. ಅನೇಕ ಕೈಪಂಪ್‌ಗಳಲ್ಲಿ ಹಿಡಿ ಆಡಿದಂತೆ ಟ್ಯಾಂಕಿನೊಳಗಿನ ದ್ರಾವಣವೂ ಕಲಕುತ್ತದೆ. ಬ್ಯಾಟರಿಯಲ್ಲಿ ಹೊಡೆಯುವಾಗ ಹಾಗೆ ಕಲಕುವವರು ಯಾರೂ ಇಲ್ಲ. ಬೂದಿರೋಗಕ್ಕೆ ಹೊಡೆಯುವ ನೀರಿನಲ್ಲಿ ಕದಡುವ ಗಂಧಕದಂಥ ಪುಡಿ ಅಷ್ಟರಲ್ಲಿ ತಳ ಸೇರುತ್ತದೆ. ಮೊದಲು ಗಟ್ಟಿ ದ್ರಾವಣ, ಕೊನೆಗೆ ಬರೀ ನೀರು. ಪುಡಿಯನ್ನು ನೇರ ಟ್ಯಾಂಕಿಗೆ ಸುರಿಯದೆ ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಹಾಕಿ ಗಂಟಿಲ್ಲದಂತೆ ಕಲಸಿ. ಟ್ಯಾಂಕಿಗೆ ಅರ್ಧ ನೀರು ತುಂಬಿ, ಕಲಸಿದ್ದನ್ನು ಬಾಯಿಯ ಜರಡಿಯ ಮೂಲಕ ಹಾಕಿ, ಉಳಿದ ನೀರು ತುಂಬಿ. ಒಂದೆರಡು ಸಾಲಿಗೊಮ್ಮೆ ಹಿಡಿಯನ್ನು ನಾಲ್ಕು ಸಲ ಆಡಿಸಿ ಅಥವಾ ಬೆನ್ನನ್ನೇ ಅಲುಗಿಸಿ. ಎಣ್ಣೆ ಹೊಡೆದ ಗಿಡಕ್ಕೆ ಎರಡು ವಾರದೊಳಗೆ ಗಂಧಕ ಬೇಡ, ಎಲೆ ಸುಟ್ಟುಹೋಗುತ್ತದೆ. ಬಿಸಿಲು ಏರಿ ಉಷ್ಣತೆ 32 ಡಿಗ್ರಿ ದಾಟುವ ದಿನವೂ ಬೇಡ.

ನಾಜಲ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಪಂಪಿನ ಜೊತೆ ಮೂರ್ನಾಲ್ಕು ನಾಜಲ್ ಒಂದು ಪೊಟ್ಟಣದಲ್ಲಿ ಬರುತ್ತವೆ, ಹೆಚ್ಚಿನವರು ಮೊದಲು ಕೈಗೆ ಸಿಕ್ಕದ್ದನ್ನೇ ವರ್ಷವಿಡೀ ಬಳಸುತ್ತಾರೆ. ಹೇನು ಎಲೆಯ ಅಡಿಯಲ್ಲಿರುವುದರಿಂದ ಅದಕ್ಕೆ ಶಂಕುವಿನಂತೆ ಸುತ್ತ ಹರಡುವ, ಸಣ್ಣ ಹನಿಯ ನಾಜಲ್ ಬೇಕು. ಗನ್‌ನ ತುದಿಯನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿ ಹೊಡೆಯಬೇಕು. ಮೇಲಿನಿಂದ ಎಷ್ಟು ಸುರಿದರೂ ಹೇನಿಗೆ ತಗುಲದು. ಕಳೆನಾಶಕಕ್ಕೆ ಬೀಸಣಿಗೆಯಂತೆ ಚಪ್ಪಟೆಯಾಗಿ ಹರಡುವ ನಾಜಲ್, ಒಂದೆರಡು ಬಾರ್ ಒತ್ತಡ, ದಪ್ಪ ಹನಿ. ಶಂಕುವಿನ ನಾಜಲ್‌ನಲ್ಲಿ ಕಳೆನಾಶಕ ಹೊಡೆದರೆ ಸಣ್ಣ ಹನಿ ಗಾಳಿಗೆ ತೇಲಿ ಪಕ್ಕದ ಬೆಳೆಯ ಚಿಗುರನ್ನು ಮುದುಡಿಸುತ್ತದೆ. ಅಂತರರಾಷ್ಟ್ರೀಯ ಮಾನದಂಡದ ಚಪ್ಪಟೆ ನಾಜಲ್‌ಗಳಿಗೆ ಬಣ್ಣವೇ ಗುರುತು. 3 ಬಾರ್ ಒತ್ತಡದಲ್ಲಿ ಕಿತ್ತಳೆ ನಿಮಿಷಕ್ಕೆ 0.4 ಲೀಟರ್, ಹಸಿರು 0.6, ಹಳದಿ 0.8, ನೀಲಿ 1.2, ಕೆಂಪು 1.6. ಪಂಪಿನ ಜೊತೆ ಬರುವ ಅಗ್ಗದ ನಾಜಲ್‌ನ ಬಣ್ಣಕ್ಕೆ ಈ ಅರ್ಥ ಇರಲೇಬೇಕೆಂದಿಲ್ಲ, ಅಳೆದೇ ನಂಬಿ. ಅಳತೆಯ ಜಾರ್‌ನೊಳಗೆ ಒಂದು ನಿಮಿಷ ಹೊಡೆದು, ಬಂದ ನೀರನ್ನು ಹೊಸದಿದ್ದಾಗಿನ ಅಳತೆಗೆ ಹೋಲಿಸಿ. ಶೇಕಡ 10ಕ್ಕಿಂತ ಹೆಚ್ಚಾಗಿದ್ದರೆ ತೂತು ಸವೆದಿದೆ ಎಂದೇ ಅರ್ಥ. ಕಟ್ಟಿಕೊಂಡ ನಾಜಲ್‌ಗೆ ಪಿನ್ನು, ತಂತಿ ಹಾಕಿದರೆ ಅದೇ ಗತಿ: ಬೆಳಕಿಗೆ ಹಿಡಿದರೆ ದುಂಡಗಿದ್ದ ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಬಾಯಿಟ್ಟು ಊದುವುದಂತೂ ಕೂಡದು.

ಒಂದು ಟ್ಯಾಂಕಿಗೆ ಎಷ್ಟು ಔಷಧಿ ಎಂಬ ಪ್ರಶ್ನೆಗೆ ಮುಚ್ಚಳದ ಲೆಕ್ಕ ಉತ್ತರವಲ್ಲ. 10 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗ ಗುರುತು ಮಾಡಿ. ಟ್ಯಾಂಕಿಗೆ ಗೆರೆವರೆಗೆ ಬರೀ ನೀರು ತುಂಬಿ, ದಿನದ ನಡಿಗೆಯಲ್ಲೇ ಅಷ್ಟು ಜಾಗಕ್ಕೆ ಹೊಡೆಯಿರಿ. ಮತ್ತೆ ಆ ಗೆರೆ ಮುಟ್ಟಲು ಎಷ್ಟು ನೀರು ಬೇಕಾಯಿತೆಂದು ಅಳೆಯಿರಿ. 3.2 ಲೀಟರ್ ಎಂದಿಟ್ಟುಕೊಳ್ಳಿ. ಹೆಕ್ಟೇರಿಗೆ 320 ಲೀಟರ್, ಅಂದರೆ 20 ಟ್ಯಾಂಕ್. ಲೇಬಲ್ಲಿನಲ್ಲಿ ಹೆಕ್ಟೇರಿಗೆ 1 ಲೀಟರ್ ಎಂದಿದ್ದರೆ ಟ್ಯಾಂಕಿಗೆ 50 ಮಿಲಿ. ನಾಜಲ್ ಬದಲಿಸಿದರೆ, ಹೊಡೆಯುವ ಆಳು ಬದಲಾದರೆ ಈ ಲೆಕ್ಕವನ್ನೂ ಹೊಸದಾಗಿ ಮಾಡಬೇಕು.

ಚಳಿಗಾಲ ಕಳೆದು ಹೊರತೆಗೆದ ಪಂಪ್ ಹಠ ಮಾಡಿದರೆ ನೋಡುವ ಕ್ರಮ ಹೀಗೆ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್, ಆಮೇಲೆ ಬ್ಯಾಟರಿ ತುದಿಯ ಕಿಲುಬು, ಆಮೇಲೆ ಸ್ವಿಚ್. ಸದ್ದಿದ್ದು ನೀರಿಲ್ಲದಿದ್ದರೆ ಒಳಬರುವ ಪೈಪಿನ ಜರಡಿ ಕಟ್ಟಿದೆಯೇ, ಪೈಪಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆಯೇ ನೋಡಿ. ಎರಡೂ ಸರಿ ಇದ್ದರೆ ಮೋಟರಿನ ತಲೆಯೊಳಗಿನ ರಬ್ಬರ್ ವಾಲ್ವ್‌ಗಳು ಒಣಗಿದ ಔಷಧಿಯಿಂದ ಅಂಟಿವೆ. ಬೆಚ್ಚಗಿನ ನೀರು ತುಂಬಿ ಅರ್ಧ ಗಂಟೆ ಬಿಟ್ಟು ಮತ್ತೆ ಓಡಿಸಿ, ಜಗ್ಗದಿದ್ದರೆ ತಲೆಯ ಸ್ಕ್ರೂ ಬಿಚ್ಚಿ ತೊಳೆಯಿರಿ. ಬಿಚ್ಚುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ, ವಾಲ್ವ್ ತಲೆಕೆಳಗಾಗಿ ಕೂತರೆ ನೀರು ಏರುವುದಿಲ್ಲ. ಗನ್ ಒತ್ತಿ ಹಿಡಿದಿದ್ದರೂ ಮೋಟರ್ ನಿಂತು ನಿಂತು ಓಡುತ್ತಿದ್ದರೆ ನಾಜಲ್ ಅಥವಾ ಗನ್ ಹಿಡಿಯೊಳಗಿನ ಜರಡಿ ಕಟ್ಟಿದೆ, ಇಲ್ಲವೇ ಪಂಪಿಗೆ ಆ ನಾಜಲ್ ತೀರಾ ಚಿಕ್ಕದು. ಒತ್ತಡ ಏರಿದಾಗ ಒಳಗಿನ ಒತ್ತಡದ ಸ್ವಿಚ್ ತಾನೇ ಕರೆಂಟ್ ಕಡಿಯುತ್ತಿರುತ್ತದೆ. ಹೊಡೆಯುತ್ತ ಹೊಡೆಯುತ್ತ ಟ್ಯಾಂಕ್ ಒಳಕ್ಕೆ ಸೊಟ್ಟಗಾಗುತ್ತಿದ್ದರೆ ಮುಚ್ಚಳದ ಗಾಳಿಯ ತೂತು ಮುಚ್ಚಿದೆ. ಆ ತೂತಿನ ಸಣ್ಣ ರಬ್ಬರ್ ಕಳೆದುಹೋಗಿದ್ದರೆ ಬಗ್ಗಿದಾಗ ಕುತ್ತಿಗೆಗೆ ದ್ರಾವಣ ಸೋರುತ್ತದೆ. ಅಷ್ಟು ಚಿಕ್ಕ ರಬ್ಬರಿಗಾಗಿ ಕೆಲಸ ನಿಲ್ಲಿಸುವುದು ತಪ್ಪಲ್ಲ, ಏಕೆಂದರೆ ಸೋರುವುದು ಮೈಗೆ.

ಕಳೆನಾಶಕಕ್ಕೆ ಬೇರೆ ಪಂಪ್ ಇಡಿ ಎಂಬುದು ದುಬಾರಿ ಸಲಹೆ ಅನಿಸಬಹುದು. ಆದರೆ 2,4-ಡಿ ಯಂಥ ಕಳೆನಾಶಕದ ಅಂಶ ಪೈಪ್, ವಾಷರ್‌ಗಳಲ್ಲಿ ಉಳಿದರೆ ಟೊಮೆಟೊ, ಹುರುಳಿಕಾಯಿ, ದ್ರಾಕ್ಷಿಯ ಎಲೆ ಸುರುಟಲು ಅಷ್ಟೇ ಸಾಕು. ಒಂದೇ ಪಂಪ್ ಇದ್ದರೆ ಮೂರು ಸಲ ತೊಳೆಯಿರಿ. ಪ್ರತಿ ಸಲವೂ ಒಂದೆರಡು ಲೀಟರ್ ನೀರನ್ನು ಗನ್ ಮೂಲಕವೇ ಹೊರಗೆ ಹೊಡೆಯಿರಿ, ನಾಜಲ್ ಮತ್ತು ಜರಡಿ ಬಿಚ್ಚಿ ಬೇರೆ ತೊಳೆಯಿರಿ. ತೊಳೆದ ನೀರನ್ನು ಕೆರೆ, ಬಾವಿ, ಚರಂಡಿಗೆ ಬಿಡದೆ ಹೊಡೆದ ಹೊಲಕ್ಕೇ ಹೊಡೆಯಿರಿ.

ಹೊತ್ತಿನ ವಿಚಾರ ಪಂಪಿಗೆ ಸೇರಿದ್ದಲ್ಲ, ಆದರೂ ಹೂ ಬಿಡುವ ಕಾಲವಾದ್ದರಿಂದ ಹೇಳಬೇಕು. ಹೂವಿದ್ದ ಗಿಡಕ್ಕೆ ಕೀಟನಾಶಕ ಬೇಡ. ಸುತ್ತಮುತ್ತ ಹೂವಿದ್ದರೂ ಜೇನುಹುಳು ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆಯಿರಿ. ಎಲೆ ಅಲ್ಲಾಡುವಷ್ಟು ಗಾಳಿ ಇರಲಿ, ಸಣ್ಣ ಕೊಂಬೆ ತೂಗುವಷ್ಟು ಬೇಡ. ಹೊಗೆ ಮೇಲೇಳದೆ ನೆಲದ ಮೇಲೇ ಹರಡಿ ನಿಂತ ನಿಶ್ಚಲ ಹೊತ್ತೂ ಬೇಡ, ಸಣ್ಣ ಹನಿ ಗಾಳಿಯಲ್ಲೇ ತೂಗಿಕೊಂಡು ದೂರ ಹೋಗುತ್ತದೆ.

ಕೊಳ್ಳುವಾಗ ಅಂಗಡಿಯಲ್ಲೇ ಎರಡು ಲೀಟರ್ ನೀರು ಹಾಕಿಸಿ ಓಡಿಸಿ. ಗನ್ ಬಿಟ್ಟೊಡನೆ ಮೋಟರ್ ನಿಲ್ಲಬೇಕು. ನಿಂತ ಮೇಲೂ ಆಗಾಗ ತಾನಾಗಿ ಒಮ್ಮೊಮ್ಮೆ ಓಡಿದರೆ ಎಲ್ಲೋ ಒತ್ತಡ ಸೋರುತ್ತಿದೆ. ಬ್ಯಾಟರಿ ಬಿಚ್ಚಿ ತೆಗೆಯಲು ಬರುತ್ತದೆಯೇ, ಅದರ ಮೇಲೆ ತಯಾರಾದ ತಿಂಗಳು ಇದೆಯೇ ನೋಡಿ, ವರ್ಷಗಟ್ಟಲೆ ಅಂಗಡಿಯಲ್ಲಿ ಕೂತದ್ದು ಬೇಡ. ಪಿಸ್ಟನ್ ವಾಷರ್, ಗನ್‌ನ ಓ-ರಿಂಗ್ (ರಬ್ಬರ್ ಉಂಗುರ), ಮುಚ್ಚಳದ ರಬ್ಬರ್, ಮೋಟರಿನ ತಲೆ, ಈ ನಾಲ್ಕೂ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ, ಮೊದಲ ಮೂರನ್ನು ಪಂಪಿನ ಜೊತೆಗೇ ಒಂದೊಂದು ಹೆಚ್ಚಾಗಿ ಕೊಂಡಿಡಿ. ಬಿಡಿಭಾಗ ಸಿಗದು ಎಂದರೆ ಎಷ್ಟೇ ಚೆಂದದ ಪಂಪಾದರೂ ಅಲ್ಲೇ ಇಟ್ಟು ಬನ್ನಿ.

ಕೆಲಸ ಮುಗಿದ ಕಾಲಕ್ಕೆ ಒಳಗಿಡುವಾಗ ನೀರೆಲ್ಲ ಬಸಿದು, ಮುಚ್ಚಳ ಸಡಿಲವಾಗಿ ಬಿಟ್ಟು, ಗನ್ ಒತ್ತಿ ಒತ್ತಡ ಇಳಿಸಿ, ವಾಷರ್‌ಗೆ ಗ್ರೀಸ್ ಹಚ್ಚಿ, ಬಿಸಿಲು ತಾಗದ ಕಡೆ ತಲೆಕೆಳಗಾಗಿ ಇಡಿ. ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವಲ್ಲಿ ಮೋಟರಿನ ತಲೆಯಲ್ಲಿ ಉಳಿದ ಒಂದು ಗುಟುಕು ನೀರೇ ಅದನ್ನು ಸೀಳಬಲ್ಲದು, ಹಾಗಾಗಿ ಟ್ಯಾಂಕ್ ಖಾಲಿಯಾದ ಮೇಲೂ ಹತ್ತು ಸೆಕೆಂಡ್ ಓಡಿಸಿ. ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ, ಚಾರ್ಜರ್ ಪಕ್ಕದಲ್ಲೇ, ಕಣ್ಣಿಗೆ ಬೀಳುವ ಕಡೆ ಇಡಿ.