ಕಣ್ಣು ಕಾಣದ ಮಕ್ಕಳಿಗೆ ನೋಟ್ಸ್: ಡಿಟಿಪಿ ಪಿಡಿಎಫ್, ಸ್ಕ್ಯಾನ್, ಆಡಿಯೊ, ಯೂನಿಕೋಡ್ ವರ್ಡ್ ಫೈಲ್

ಕಣ್ಣು ಕಾಣದ ಮಕ್ಕಳಿಗೆ ನೋಟ್ಸನ್ನು ಯಾವ ರೂಪದಲ್ಲಿ ಕೊಡಬೇಕು ಅಂದರೆ, ನನ್ನ ಓಟು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲಿಗೆ. ಯೂನಿಕೋಡ್ ಅಂದರೆ ಕನ್ನಡ ಅಕ್ಷರವನ್ನು ಫೈಲಿನೊಳಗೂ ಕನ್ನಡವಾಗಿಯೇ ಇಡುವ ಪದ್ಧತಿ. ಧಾರವಾಡದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕ್ಲಾಸಿನಲ್ಲಿ ಕಣ್ಣು ಕಾಣದ ಇಬ್ಬರಿದ್ದಾರೆ, ಇನ್ನೊಬ್ಬಳಿಗೆ ದೃಷ್ಟಿ ಕಡಿಮೆ. ನಾಲ್ಕೂ ಬಗೆಯ ನೋಟ್ಸ್ ಅವರಿಗೇ ಕೊಟ್ಟು ನೋಡಿದ್ದೇನೆ.

ಹೆಚ್ಚು ಕಾಡಿದ್ದು ಡಿಟಿಪಿ ಪಿಡಿಎಫ್. ದುಡ್ಡು ಕೊಟ್ಟು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಟೈಪ್ ಮಾಡಿಸಿದ್ದು. ಅಕ್ಷರ ಮುತ್ತಿನಂತಿದ್ದವು. ಆದರೆ ಕಣ್ಣು ಕಾಣದ ಹುಡುಗ, ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವಾದ ಎನ್‌ವಿಡಿಎಯಲ್ಲಿ ತೆರೆದವನೇ, "ಸರ, ಇದು ಬರೇ ಪಿ, ಎ, ಪೌಂಡ್ ಅಂತೈತ್ರಿ" ಅಂದ. ಅವನು ಹೇಳಿದ್ದು ಅಕ್ಷರಶಃ ನಿಜ. ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೇ ಫಾಂಟಿನಲ್ಲಿ 'ಕನ್ನಡ' ಅಂತ ಕಾಣುವ ಪದ ಫೈಲಿನೊಳಗೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ, ಪೌಂಡ್ ಚಿಹ್ನೆ ಅಂತಲೇ ಕೂತಿರುತ್ತದೆ. ಫಾಂಟು ನಮ್ಮ ಕಣ್ಣಿಗಷ್ಟೇ ಕನ್ನಡ ತೋರಿಸುತ್ತದೆ. ಓದುವ ತಂತ್ರಾಂಶ ಒಳಗಿರುವುದನ್ನೇ ಓದುತ್ತದೆ.

ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಪಿಡಿಎಫ್‌ನಿಂದ ಕಾಪಿ ಮಾಡಿ ಹಾಕಿದರೆ ಒತ್ತಕ್ಷರ ಚೆಲ್ಲಾಪಿಲ್ಲಿ. ಅಂಗಡಿಯವರಿಂದ ಮೂಲ ಫೈಲನ್ನೇ ತಂದು ಹಾಕಿದೆ, ಕನ್ನಡ ಸರಿಯಾಯಿತು. ಆದರೆ ನಡುವೆ ಇಂಗ್ಲಿಷಿನಲ್ಲಿದ್ದ ಪುಸ್ತಕದ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾದವು! ಒಂದೊಂದನ್ನೂ ಹುಡುಕಿ ತಿದ್ದಬೇಕಾಯಿತು. ಹಾಗಾಗಿ ಪೂರ್ತಿ ಟೈಪ್ ಮಾಡಿಸುವ ಮೊದಲೇ ಅಂಗಡಿಯವರು ಟೈಪ್ ಮಾಡಿದ ಒಂದು ಸಾಲನ್ನು ವಾಟ್ಸಾಪಿಗೆ ಪೇಸ್ಟ್ ಮಾಡಿ ನೋಡಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್. ನುಡಿಯ ಹೊಸ ಆವೃತ್ತಿಗಳಲ್ಲೂ ಈ ಆಯ್ಕೆ ಇದೆ, ಕೇಳಿ ಮಾಡಿಸಬೇಕು ಅಷ್ಟೆ.

ಸ್ಕ್ಯಾನ್ ಮಾಡಿದ ಪುಟ ಬರೀ ಫೋಟೊ. ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರವಾಗುತ್ತದೆ, ಆದರೆ ತಪ್ಪು ತಿದ್ದಲೇಬೇಕು. ಕಾಪಿರೈಟ್ ಭಯ ಬೇಡ: ಅಂಗವಿಕಲರು ಓದುವಂಥ ರೂಪಕ್ಕೆ ಪುಸ್ತಕವನ್ನು ಲಾಭವಿಲ್ಲದೆ ಬದಲಾಯಿಸಿಕೊಡಲು ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ.

ಆಡಿಯೊ ಬಸ್ಸಿನಲ್ಲಿ ಕೇಳಲು ಚೆಂದ. ಪರೀಕ್ಷೆಯ ಹಿಂದಿನ ದಿನ ಒಂದು ಇಸವಿ ಹುಡುಕಬೇಕೆಂದರೆ ಸುಸ್ತು.

ವರ್ಡ್ ಫೈಲಿನಲ್ಲಿ ಶೀರ್ಷಿಕೆಗೆ ಸುಮ್ನೆ ಬೋಲ್ಡ್ ಮಾಡದೆ ಹೆಡಿಂಗ್ ಸ್ಟೈಲ್ ಕೊಡಿ. ಆಗ ಒಂದೇ ಕೀಲಿ ಒತ್ತಿ ಚಾಲುಕ್ಯರಿಂದ ಹೊಯ್ಸಳರಿಗೆ ಹಾರಬಹುದು. ಚಿತ್ರಕ್ಕೆ ವಿವರಣೆಯನ್ನೂ ಬರೆಯಿರಿ. ಲಕ್ಕುಂಡಿಯ ಬಾವಿಯ ಫೋಟೊಗೆ 'ಬಾವಿ' ಅಂತಷ್ಟೇ ಬರೆದರೆ ಏನು ತಿಳಿದೀತು? 'ಕೆಳಗಿಳಿಯುವ ಕಲ್ಲಿನ ಮೆಟ್ಟಿಲು, ಗೋಡೆಯುದ್ದಕ್ಕೂ ಪುಟ್ಟ ಗುಡಿಯಂಥ ಗೂಡುಗಳು' ಅಂತ ಬರೆದೆ. ಕಣ್ಣು ಕಾಣದ ಹುಡುಗಿ ಗೂಡಿನೊಳಗೆ ಏನಿರುತ್ತಿತ್ತು ಅಂತ ಕೇಳಿದಳು. ದೃಷ್ಟಿ ಕಡಿಮೆ ಇರುವವಳು ಅದೇ ಫೈಲಿನ ಅಕ್ಷರವನ್ನು ತನಗೆ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳುತ್ತಾಳೆ.

ನನಗೆ ಟೈಪಿಂಗ್ ನಿಧಾನ. ಫೋನಿಗೆ ಬಾಯಲ್ಲಿ ಹೇಳಿ, ಬಂದದ್ದನ್ನು ರಾತ್ರಿ ತಿದ್ದುತ್ತೇನೆ. ಎನ್‌ವಿಡಿಎ ಉಚಿತ, ಆಂಡ್ರಾಯ್ಡ್ ಫೋನಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಉಚಿತ, ಡಿಟಿಪಿ ಖರ್ಚೂ ಉಳಿಯಿತು. ಈಗ ಉಳಿದ ವಿದ್ಯಾರ್ಥಿಗಳೂ ಇದೇ ಫೈಲ್ ಕೇಳುತ್ತಾರೆ.