ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ: ಪಂಚಾಯ್ತಿಯ ಒಂದು ಸೇವೆಯ ವಿಮರ್ಶೆ

ಪಂಚಾಯ್ತಿ ಕೊಡುವ ಸೇವೆಗಳಲ್ಲಿ ಗ್ರಾಮಸಭೆಗೆ ಮಾತ್ರ ಶುಲ್ಕವಿಲ್ಲ, ಜೆರಾಕ್ಸ್ ಬೇಡ, ಶಿಫಾರಸು ಬೇಡ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನೀವು ಅದರ ಸದಸ್ಯರೇ. ಹೀಗಿದ್ದೂ ಎಷ್ಟೋ ಕಡೆ ಸಭೆ ಗದ್ದಲದಲ್ಲಿ ಶುರುವಾಗಿ ಮುಂದೂಡಿಕೆಯಲ್ಲಿ ಮುಗಿಯುತ್ತದೆ. ವ್ಯವಸ್ಥೆಯಲ್ಲೇ ಕುಂದುಗಳಿವೆ, ನಿಜ. ಆದರೆ ಅರ್ಧಕ್ಕರ್ಧ ನಷ್ಟ ಅದನ್ನು ಬಳಸುವ ರೀತಿಯಿಂದಲೇ ಆಗುತ್ತಿದೆ.

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಇಲ್ಲಿ ಎರಡು ಮೆಟ್ಟಿಲು ಇಟ್ಟಿದೆ. 3ನೇ ಪ್ರಕರಣದಲ್ಲಿ ಒಂದೊಂದು ವಾರ್ಡಿನ ಮತದಾರರು ಸೇರುವ ವಾರ್ಡ್ ಸಭೆ, 3ಎ ಪ್ರಕರಣದಲ್ಲಿ ಇಡೀ ಪಂಚಾಯ್ತಿಯ ಮತದಾರರು ಸೇರುವ ಗ್ರಾಮಸಭೆ. ಎರಡೂ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ವಾರ್ಡ್ ಸಭೆಗೆ ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ 20 ಜನ, ಗ್ರಾಮಸಭೆಗೆ ಹತ್ತರಲ್ಲೊಂದು ಪಾಲು ಅಥವಾ 100 ಜನ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ. ಬಂದವರಲ್ಲಿ ಶೇ 30ರಷ್ಟಾದರೂ ಮಹಿಳೆಯರಿರಬೇಕು. ಬೇಡಿಕೆ ಹುಟ್ಟಬೇಕಾದದ್ದು ಮೊದಲ ಮೆಟ್ಟಿಲಲ್ಲಿ. ಅಲ್ಲಿಂದ ಬಂದ ಪಟ್ಟಿಯನ್ನು ತೂಗಿ ನೋಡಿ ಆದ್ಯತೆ ಕೊಡುವುದು ಗ್ರಾಮಸಭೆಯ ಕೆಲಸ. ವಾರ್ಡ್ ಸಭೆಗೆ ಹೋಗದೆ ನೇರವಾಗಿ ಗ್ರಾಮಸಭೆಗೆ ಬಂದು ಏರುದನಿಯಲ್ಲಿ ಕೇಳಿದರೆ, ಅಷ್ಟು ಹೊತ್ತಿಗೆ ಪಟ್ಟಿ ತಯಾರಾಗಿಬಿಟ್ಟಿರುತ್ತದೆ.

ಇಡೀ ವ್ಯವಸ್ಥೆಯಲ್ಲಿ ಅತ್ಯುತ್ತಮ ಭಾಗ ವಾರ್ಡ್ ಸಭೆಯೇ. ಅಂಗನವಾಡಿ ಜಗಲಿಯಲ್ಲೋ ದೇವಸ್ಥಾನದ ಅಂಗಳದಲ್ಲೋ ಇಪ್ಪತ್ತು ಮೂವತ್ತು ಜನ ಕೂತರೆ ಮೈಕು ಬೇಡ, ವೇದಿಕೆ ಬೇಡ. ಯಾರ ಮನೆ ಮುಂದೆ ನೀರು ನಿಲ್ಲುತ್ತದೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿರುತ್ತದೆ, ಹಾಗಾಗಿ ಮಾತು ಬೆಳೆಯುವುದಿಲ್ಲ. ದೊಡ್ಡ ಕುಂದೂ ಇಲ್ಲೇ ಇದೆ. ಕೆಲವು ಕಡೆ ಈ ಸಭೆ ಪುಸ್ತಕದಲ್ಲಿ ಮಾತ್ರ ನಡೆಯುತ್ತದೆ. ಹಾಜರಿ ಪುಸ್ತಕ ಮನೆಮನೆಗೆ ಬರುತ್ತದೆ, 'ಒಂದು ಸಹಿ ಹಾಕಿ ಅಕ್ಕಾ' ಎಂದರೆ ಮುಖದಾಕ್ಷಿಣ್ಯಕ್ಕೆ ಹಾಕಿಬಿಡುತ್ತೇವೆ. ಆ ಸಹಿಯೇ ಮುಂದೆ ಕೋರಂ ಆಗುತ್ತದೆ, ಒಪ್ಪಿಗೆಯೂ ಆಗುತ್ತದೆ. ಮನೆಗೆ ಬಂದ ಪುಸ್ತಕಕ್ಕೆ ಸಹಿ ಹಾಕಬೇಡಿ. ಸಭೆಯ ದಿನ, ಜಾಗ ಕೇಳಿಕೊಂಡು ಅಲ್ಲಿಗೇ ಹೋಗಿ ಹಾಕಿ.

ಬೇಡಿಕೆಯನ್ನು ಬಾಯಲ್ಲಿ ಹೇಳಿದರೆ ಸಾಲದು, ಒಂದು ಹಾಳೆಯಲ್ಲಿ ಬರೆದು ಕೊಡಬೇಕು. 'ನಮ್ಮ ಕೇರಿಗೆ ಚರಂಡಿ ಬೇಕು' ಎಂಬ ಸಾಲನ್ನು ನೋಡಿ ಯಾವ ಎಂಜಿನಿಯರೂ ಅಂದಾಜು ಪಟ್ಟಿ ಮಾಡಲಾರರು. 'ಅಂಗನವಾಡಿಯಿಂದ ಹಳ್ಳದ ಮೋರಿಯವರೆಗೆ 80 ಮೀಟರ್, ಎಡಬದಿಯಲ್ಲಿ 14 ಮನೆ, ಬಚ್ಚಲ ನೀರು ಸಾರ್ವಜನಿಕ ಬಾವಿಯ ಪಕ್ಕ ನಿಲ್ಲುತ್ತಿದೆ' ಎಂದು ಬರೆದರೆ ಅರ್ಧ ಕೆಲಸ ನೀವೇ ಮಾಡಿಕೊಟ್ಟಂತೆ. ದೀಪದ ವಿಷಯವಾದರೆ ಕಂಬದ ಸಂಖ್ಯೆ ಹಾಕಿ. ಎರಡು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿ ಮೊಹರು, ತಾರೀಖು ಹಾಕಿಸಿಕೊಳ್ಳಿ.

ಯಾರನ್ನು ಏನು ಕೇಳಬೇಕು ಎಂಬ ಗೊಂದಲವೇ ಎಷ್ಟೋ ಜಗಳಗಳ ಮೂಲ. ಬೀದಿದೀಪದ ಬಲ್ಬು ಪಂಚಾಯ್ತಿಯದು, ಜೋತುಬಿದ್ದ ತಂತಿ ವಿದ್ಯುತ್ ಕಂಪನಿಯದು. ಊರೊಳಗಿನ ಓಣಿ ಪಂಚಾಯ್ತಿಯದು, ಊರು ದಾಟಿಹೋಗುವ ಮುಖ್ಯರಸ್ತೆ ಬಹುತೇಕ ಜಿಲ್ಲಾ ಪಂಚಾಯ್ತಿ ಅಥವಾ ಲೋಕೋಪಯೋಗಿ ಇಲಾಖೆಯದು. ದುಡ್ಡಿಗೂ ಹೀಗೆಯೇ ಗೆರೆ ಇರುತ್ತದೆ. 2021–26ರ ಅವಧಿಗೆ ಕೇಂದ್ರದ 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ಪಂಚಾಯ್ತಿಗಳಿಗೆ ಬಂದ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಆ ಪಾಲನ್ನು ರಸ್ತೆಗೆ ಹಾಕುವಂತಿರಲಿಲ್ಲ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) 'ಆಗಲ್ಲ' ಎಂದಾಗ ಹಲ್ಲು ಮಸೆಯುವ ಬದಲು 'ಯಾವ ಲೆಕ್ಕಶೀರ್ಷಿಕೆಯಲ್ಲಿ, ಅಂದರೆ ಯಾವ ಬಾಬ್ತಿನ ಹಣದಲ್ಲಿ ಆಗುತ್ತದೆ?' ಎಂದು ಕೇಳಿ. ಉತ್ತರ ಕೊಡುವುದು ಅವರ ಕರ್ತವ್ಯ, ಆ ಉತ್ತರ ಸಭೆಯ ನಡಾವಳಿಯಲ್ಲಿ (ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ದಾಖಲೆ) ದಾಖಲೂ ಆಗುತ್ತದೆ.

ಇನ್ನು ಗ್ರಾಮಸಭೆ. ಇಲ್ಲಿ ಪೋಲಾಗುವುದು ಜನರ ಸಮಯ. ಸ್ವಾಗತ, ಹೂಗುಚ್ಛ, ಆಮೇಲೆ ಒಂದೊಂದೇ ಇಲಾಖೆಯವರು ಯೋಜನೆಗಳನ್ನು ಓದುತ್ತಾ ಹೋದರೆ ಊಟದ ಹೊತ್ತಾಗುತ್ತದೆ. ಜನ ಎದ್ದುಹೋದ ಮೇಲೆ ಪ್ರಶ್ನೆಗೆ ಅವಕಾಶ. ಚೆನ್ನಾಗಿ ನಡೆಯುವ ಸಭೆಗಳಲ್ಲಿ ಕ್ರಮ ತಿರುಗುಮುರುಗು. ಮೊದಲು ಹಿಂದಿನ ಸಭೆಯ ನಡಾವಳಿ, ಅದರಲ್ಲಿ ಆದದ್ದೆಷ್ಟು ಬಾಕಿ ಎಷ್ಟು ಎಂಬ ಅನುಪಾಲನಾ ವರದಿ, ನಂತರ ಜಮಾ–ಖರ್ಚು. ಇಲಾಖೆಗೆ ಐದೈದು ನಿಮಿಷ, ಪ್ರಶ್ನೆ ಅಲ್ಲಲ್ಲೇ. ಇದನ್ನು ಸಭೆ ಶುರುವಾಗುವ ಮೊದಲೇ ನೋಡಲ್ ಅಧಿಕಾರಿಯ (ಸಭೆಯ ಉಸ್ತುವಾರಿಗೆ ನೇಮಕವಾದವರು) ಹತ್ತಿರ ನಾಲ್ಕು ಜನ ಹೋಗಿ ವಿನಯವಾಗಿ ಕೇಳಿಕೊಂಡರೆ ಸಾಮಾನ್ಯವಾಗಿ ಒಪ್ಪುತ್ತಾರೆ. ವೇದಿಕೆ ಮೇಲೆ ಕೂತ ನಂತರ ಕೆಳಗಿನಿಂದ ಕೂಗಿ ಹೇಳಿದರೆ ಅದು ಮಾನದ ಪ್ರಶ್ನೆಯಾಗಿಬಿಡುತ್ತದೆ.

ಅಧಿಕಾರಿಗಳ ಗೈರು ನಿಜವಾದ ಪಿಡುಗು. ಅದಕ್ಕೆ ಸಿಟ್ಟು ಬರುವುದು ಸಹಜ. ಆದರೆ ಸಭೆ ಬಹಿಷ್ಕರಿಸಿದರೆ ಬಾರದವರಿಗೆ ಏನೂ ಆಗುವುದಿಲ್ಲ, ಕೂಲಿ ಬಿಟ್ಟು ಬಂದವರಿಗೆ ಮತ್ತೊಂದು ದಿನ ಹೋಗುತ್ತದೆ. ಗೈರಾದವರ ಹುದ್ದೆ, ಇಲಾಖೆ ನಡಾವಳಿಯಲ್ಲಿ ಬರೆಸಿ, ಪ್ರತಿಯನ್ನು ತಾಲ್ಲೂಕು ಪಂಚಾಯ್ತಿ ಕಾರ್ಯನಿರ್ವಾಹಕ ಅಧಿಕಾರಿಗೂ ಆಯಾ ಇಲಾಖೆಯ ಜಿಲ್ಲಾ ಮುಖ್ಯಸ್ಥರಿಗೂ ಕಳಿಸಬೇಕೆಂದು ನಿರ್ಣಯ ಮಾಡಿಸಿ, ಉಳಿದ ವಿಷಯ ಮುಂದುವರಿಸಿ. ಕೋರಂ ಇಲ್ಲದೆ ಮನೆ ಫಲಾನುಭವಿಗಳ ಆಯ್ಕೆಗೆ ಹೊರಟಾಗ ಮಾತ್ರ ಮುಂದೂಡಿ ಎಂದು ಪಟ್ಟು ಹಿಡಿಯುವುದೇ ಸರಿ.

ಊರಿನ ಮನಸ್ಸು ಹೆಚ್ಚು ಕೆಡುವುದೂ ಆ ಆಯ್ಕೆಯ ಹೊತ್ತಿನಲ್ಲೇ. ಎಲ್ಲರೆದುರು 'ಅವನಿಗೇನು ಕಮ್ಮಿ' ಎಂದ ಒಂದು ಮಾತು ಎರಡು ಮನೆಗಳ ನಡುವೆ ವರ್ಷಗಟ್ಟಲೆ ಉಳಿಯುತ್ತದೆ. ಹೆಸರು ಓದುವ ಮೊದಲು ಅರ್ಹತೆಯ ನಿಯಮ ಓದಿಸಬೇಕು. ಆಕ್ಷೇಪ ದಾಖಲೆಯ ಮೇಲಿರಲಿ: 'ಈ ಹೆಸರಿಗೆ ಈಗಾಗಲೇ ಮನೆ ಖಾತೆ ಇದೆ, ಪರಿಶೀಲಿಸಿ' ಎಂದರೆ ಸಾಕು. ಹಿಂದಿನ ಸಾಲಿನ ಹೆಂಗಸರಿಗೆ ಮೈಕು ತಲುಪುವುದೇ ಇಲ್ಲ. ವೇದಿಕೆಗೆ ಬನ್ನಿ ಎಂದರೆ ಬರುವವರು ಕಡಿಮೆ. ಮೈಕನ್ನೇ ಅವರ ಹತ್ತಿರ ಒಯ್ಯಲು ಒಬ್ಬರನ್ನು ನೇಮಿಸಿದರೆ ಕುಡಿಯುವ ನೀರಿನ ನಿಜಸ್ಥಿತಿ ಹೊರಬರುತ್ತದೆ.

ಕೊನೆಯ ಹತ್ತು ನಿಮಿಷ ನಡಾವಳಿ ಪುಸ್ತಕಕ್ಕೆ. ಬರೆದದ್ದನ್ನು ಚದುರುವ ಮೊದಲೇ ಗಟ್ಟಿಯಾಗಿ ಓದಿಸಿ. ಕೊನೆಯ ಸಾಲಿಗೂ ಸಹಿಗೂ ನಡುವೆ ಖಾಲಿ ಜಾಗ ಬಿಟ್ಟಿದ್ದರೆ ಅಡ್ಡಗೆರೆ ಎಳೆಸಿ. ನಂತರ ಸೇರಿಸುವ ಸಾಲುಗಳು ಕೂರುವುದು ಅಲ್ಲೇ. ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉತ್ತರಕ್ಕೆ 30 ದಿನ. ಬೇಡಿಕೆ ಕ್ರಿಯಾ ಯೋಜನೆಯಲ್ಲಿ, ಅಂದರೆ ಪಂಚಾಯ್ತಿ ಕೈಗೊಳ್ಳುವ ಕೆಲಸಗಳ ಪಟ್ಟಿಯಲ್ಲಿ ಬಾರದೇ ಹೋದರೆ, ಮುಂದಿನ ವಾರ್ಡ್ ಸಭೆಗೆ ಹೊಸ ಹಾಳೆಯ ಜೊತೆ ಹಳೆಯ ಸ್ವೀಕೃತಿ ಪ್ರತಿಯನ್ನೂ ಪಿನ್ ಮಾಡಿ ಕೊಡಿ.